ಕೆಂಚನೂ ‘ಬರ್ತೀನಿ’ ಎಂಬ ಮಾತೂ

ಯಾರ ಮನೆಯಿಂದಾದರೂ ಹೊರಡುವಾಗ ನಾನು ‘ಬರ್ತೀನಿ’ ಅನ್ನುವುದಿಲ್ಲ. ‘ಆಯ್ತು ಹಂಗಾದ್ರೆ’ ಅನ್ನುತ್ತೇನೆ. ಇಲ್ಲವೇ ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿ, ಏನೋ ಗೊಣಗಿದಂತೆ ಮಾಡಿ ಮೆಟ್ಟಿಲು ಇಳಿದುಬಿಡುತ್ತೇನೆ. ನನ್ನ ಈ ಚಾಳಿ ನೆಂಟರಿಷ್ಟರಲ್ಲಿ ಸಾಕಷ್ಟು ಹೆಸರುವಾಸಿಯಾಗಿದೆ. ಹೋದ ತಿಂಗಳು ಚಿಕ್ಕಮ್ಮನ ಮಗಳ ಮನೆಯಲ್ಲಿ ಹೋಳಿಗೆ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಕುಂಕುಮ ಇಡಿಸಿಕೊಂಡು ಎದ್ದು ನಿಂತು ಎಂದಿನಂತೆ ‘ಆಯ್ತು ಹಂಗಾದ್ರೆ’ ಅಂದೆ. ಅವಳು ಬಾಗಿಲಿಗೆ ಅಡ್ಡ ನಿಂತಳು. “ಏನಾಯ್ತು? ಊಟ ಆಯ್ತಾ, ನೆಂಟಸ್ತನ ಆಯ್ತಾ? ನೆಟ್ಟಗೆ ಬರ್ತೀನಿ ಅಂದ್ರೆ ನಿನ್ನ ಗಂಟೇನು ಹೋಗುತ್ತೆ ಅಕ್ಕ?” ಅಂದಳು. ಗಂಟೇನೂ ಹೋಗುವುದಿಲ್ಲ. ಆದರೆ ಕಾರಣ ಹೇಳಹೊರಟರೆ ಅದು ಒಂದು ನಾಯಿಯ ಕತೆ, ಬಾಗಿಲಲ್ಲಿ ನಿಂತು ಹೇಳಿ ಮುಗಿಸುವಂಥದ್ದಲ್ಲ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ, ಕೂತುಕೊಳ್ಳಿ.

ನಾಯಿಗಿಂತ ಮುಂಚೆ ನಮ್ಮ ಅಜ್ಜಿಯ ವಿಷಯ ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ. ಅಪ್ಪನದು ಬೆಲ್ಲದ ಸಗಟು ವ್ಯಾಪಾರ. ಅಂಗಡಿಯ ಹಿಂದೆಯೇ ಮನೆ, ಹಾಗಾಗಿ ನಮ್ಮ ಬಟ್ಟೆ, ಹಾಸಿಗೆ, ಶಾಲೆಯ ಪುಸ್ತಕ ಎಲ್ಲದಕ್ಕೂ ಬೆಲ್ಲದ ವಾಸನೆ. ನನ್ನ ಬ್ಯಾಗಿನಿಂದ ಇರುವೆಗಳು ಸಾಲಾಗಿ ಹೊರಟು ಪಕ್ಕದ ಹುಡುಗಿಯ ಬ್ಯಾಗಿಗೆ ಹೋಗುತ್ತಿದ್ದವು. ಆ ಮನೆಯಲ್ಲಿ ಅಜ್ಜಿ ಎಷ್ಟೋ ಮಾತುಗಳನ್ನು ಆಡಗೊಡುತ್ತಿರಲಿಲ್ಲ. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ಬಳೆ ಒಡೀತು ಅನ್ನಬಾರದು, ಹೆಚ್ಚಿತು ಅನ್ನಬೇಕು. ಅಕ್ಕಿ ಮುಗಿದಿದ್ದರೆ ಅಕ್ಕಿ ತುಂಬಿದೆ ಅನ್ನಬೇಕು. ಈ ಕೊನೆಯದರಿಂದ ನಾನೊಮ್ಮೆ ಮನೆಯ ಮಾನ ಕಳೆದಿದ್ದೆ. ಪಕ್ಕದ ಮನೆಯವರು ಒಂದು ಪಾವು ಅಕ್ಕಿ ಸಾಲ ಕೇಳಲು ಬಂದಾಗ, “ಬನ್ನಿ, ನಮ್ಮನೇಲಿ ಅಕ್ಕಿ ತುಂಬಿದೆಯಂತೆ, ಈಗ ತಾನೇ ಅಜ್ಜಿ ಹೇಳ್ತಿದ್ರು” ಎಂದು ಕೈಹಿಡಿದು ಒಳಗೆ ಕರೆತಂದು ಬರಿದಾದ ಡಬ್ಬದ ಮುಂದೆ ನಿಲ್ಲಿಸಿದ್ದೆ.

ಎಲ್ಲಕ್ಕಿಂತ ದೊಡ್ಡ ನಿಷೇಧ ‘ಹೋಗ್ತೀನಿ’ ಅನ್ನುವುದಕ್ಕೆ. ಶಾಲೆಗೆ ಹೊರಟರೂ ಅಷ್ಟೇ, ಬೀದಿ ಕೊನೆಯ ಗಿರಣಿಗೆ ಹೊರಟರೂ ಅಷ್ಟೇ, ‘ಬರ್ತೀನಿ’ ಅಂದೇ ಹೊರಡಬೇಕು. “ಹೋಗ್ತೀನಿ ಅನ್ನೋದು ಒಂದೇ ಸಲ ಕಣೇ. ಅದನ್ನೂ ನಾವು ಹೇಳಲ್ಲ, ನಮ್ಮ ವಿಷಯವಾಗಿ ಬೇರೆಯೋರು ಹೇಳ್ತಾರೆ” ಎನ್ನುತ್ತಿದ್ದರು ಅಜ್ಜಿ. ಹೀಗೆ ನಾವೆಲ್ಲ ದಿನವಿಡೀ ಕಂಡಕಂಡವರಿಗೆ ಬರ್ತೀನಿ ಅನ್ನುತ್ತಲೇ ಬೆಳೆದೆವು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ, ಮತ್ತೆಂದೂ ಕಾಲಿಡದ ಊರಿನವರಿಗೆ, ಜಗಳವಾಡಿ ಹೊರಟ ಮನೆಯವರಿಗೆ ಸಹ. ಅದು ಮಾತು ಕೊಟ್ಟಂತಲ್ಲ ಎಂದು ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಅದನ್ನು ಮಾತು ಕೊಟ್ಟಂತೆಯೇ ತೆಗೆದುಕೊಂಡವನನ್ನು ನಾನು ಕಂಡದ್ದು ಒಬ್ಬನನ್ನೇ.

ಮದುವೆಯಾಗಿ ನಾನು ಬಂದದ್ದು ಅದೇ ಊರಿನ ಕೃಷ್ಣಮೂರ್ತಿಪುರಂಗೆ. ಕೆಂಪು ಗಾರೆ ನೆಲದ ಹಳೆ ಮನೆ, ಮುಂದೆ ಒಂದು ಕಬ್ಬಿಣದ ಗೇಟು, ಹಿಂದೆ ಕರಿಬೇವಿನ ಮರ. ಮನೆಯಲ್ಲಿ ನಮ್ಮವರು, ಅತ್ತೆ ಗೌರಮ್ಮನವರು, ಆಮೇಲೆ ನಮ್ಮ ಮಗಳು ಸುಮ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದೆ, ನಮ್ಮವರು ಒಂದು ಕಚೇರಿಯಲ್ಲಿದ್ದರು. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ, ಸುಮ ಒಂದೇ ಸಮನೆ ನಾಯಿಮರಿ ಬೇಕು ಎಂದು ಹಟ ಹಿಡಿದಳು. ಅತ್ತೆ ಒಪ್ಪಲಿಲ್ಲ. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ, ದಿನಾ ಲಿಂಗಪೂಜೆ ಮಾಡುವವರು ಅವರು, ಮಡಿ ಮೈಲಿಗೆ ಅನ್ನುತ್ತಾರೆಂದು ನಾನು ಎಣಿಸಿದ್ದೆ. ಅವರ ತಕರಾರು ಅದಾಗಿರಲಿಲ್ಲ.

“ಮರಿ ಬ್ಯಾಡ ಕಣಮ್ಮ,” ಎಂದರು. “ಮರಿ ತಂದ್ರೆ ಅದಿನ್ನೂ ಬೆಳೀಬೇಕು, ಬಾಳಬೇಕು. ನಾಳೆ ನಾನು ಶಿವನ ಪಾದ ಸೇರಿ, ನನ್ನ ಶಿವಗಣಾರಾಧನೆ ದಿವಸ ಬಂದ ಅಯ್ಯನೋರ್ನೆಲ್ಲ ಅಟ್ಟಾಡಿಸ್ಕಂಡು ಕಚ್ಚುತ್ತೆ. ತರೋದಾದ್ರೆ ನನ್ನ ವಯಸ್ಸಿಂದು ತನ್ನಿ. ಜೊತೇಲಿ ಕೂತ್ಕೊತೀವಿ.”

ಅವರು ಹೇಳಿದ್ದು ತಮಾಷೆಗೋ ನಿಜಕ್ಕೋ ನನಗೆ ತಿಳಿಯಲಿಲ್ಲ. ನಮ್ಮವರು ಅವರ ತಾಯಿಯ ಮಾತನ್ನು ತಮಾಷೆ ಎಂದು ತೆಗೆದುಕೊಂಡವರೇ ಅಲ್ಲ. ಬಂದ ಭಾನುವಾರವೇ ಸ್ಕೂಟರಿನಲ್ಲಿ ನಮ್ಮನ್ನು ಕೂರಿಸಿಕೊಂಡು ಊರಾಚೆಗೆ ಹೊರಟರು. ಅಲ್ಲಿ ತೆಂಗಿನ ತೋಟವೊಂದರ ಮಗ್ಗುಲಲ್ಲಿ, ತಗಡಿನ ಸೂರಿನ ಕೆಳಗೆ, ಯಾರಿಗೂ ಬೇಡವಾದ ನಾಯಿ ಬೆಕ್ಕುಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಆಶ್ರಯವಿತ್ತು. ಬಾಗಿಲಲ್ಲೇ ಮರಿಗಳ ಗುಂಪು ನಮ್ಮ ಮೇಲೆ ಬಿತ್ತು. ಬಂದವರೆಲ್ಲ ಅವನ್ನೇ ಎತ್ತಿಕೊಳ್ಳುತ್ತಿದ್ದರು. ಒಳಗೆ ಹೋದಂತೆ ನಾಯಿಗಳ ವಯಸ್ಸು ಹೆಚ್ಚುತ್ತಿತ್ತು, ಸದ್ದು ಕಮ್ಮಿಯಾಗುತ್ತಿತ್ತು. ಗೋಕುಲಂನಲ್ಲಿ ಯೋಗ ಕಲಿಯಲು ಬಂದಿದ್ದ ಬಿಳಿಯ ಹುಡುಗಿಯೊಬ್ಬಳು ಒಂದು ಕುಂಟ ನಾಯಿಯ ಮೈ ತೊಳೆಯುತ್ತಾ, “ಊಟಾ ಆಯ್ತಾ? ಊಟಾ ಆಯ್ತಾ?” ಎಂದು ಅದನ್ನು ವಿಚಾರಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ನಿಂತು ನಾವು ಮೂವರೂ “ಕಮ್, ಕಮ್, ಕಮಾನ್” ಅನ್ನುತ್ತಿದ್ದೆವು. ಇದರ ಅಂದ ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಕೊನೆಯ ಗೂಡಿನಲ್ಲಿ ಅವನಿದ್ದ. ಕೆಂಚು ಮೈ, ಮೂತಿ ಪೂರ್ತಿ ನರೆತಿತ್ತು, ಒಂದು ಕಣ್ಣಿನಲ್ಲಿ ಪೊರೆ. ಎದ್ದು ಬರಲಿಲ್ಲ, ಬಾಲ ಆಡಿಸಲಿಲ್ಲ. ಮೂತಿಯನ್ನು ಕಂಬಿಗಳ ಸಂದಿಗೆ ಇಟ್ಟು ನಮ್ಮ ಹಿಂದಿನ ದಾರಿಯನ್ನು ನೋಡುತ್ತಿದ್ದ. ಆಶ್ರಯ ನಡೆಸುತ್ತಿದ್ದಾಕೆ, “ಇವನನ್ನ ಕೇಳೋರೇ ಇಲ್ಲ ಸಾರ್,” ಎಂದರು. “ಯಾರೋ ಒಬ್ರು ಯಜಮಾನರು ಆಟೋದಲ್ಲಿ ಕರ್ಕೊಂಡ್ಬಂದ್ರು. ಮನೆ ಖಾಲಿ ಮಾಡ್ತಿದೀವಿ, ಒಂದು ವಾರ ನೋಡ್ಕೊಳಿ ಅಂದ್ರು. ಇವನ ತಲೆ ಸವರಿ, ಬರ್ತೀನಿ ಕಣೋ ಅಂತ ಹೇಳಿ ಹೋದ್ರು. ಅಷ್ಟೇ. ಇಲ್ಲಿಗೆ ತಂದು ಬಿಡೋರು ಎಲ್ಲಾರೂ ಹಂಗೇ ಹೇಳಿ ಹೋಗೋದು.” ನಮ್ಮವರು ತಲೆಯಾಡಿಸಿದರು, ನಾನೂ ಅಯ್ಯೋ ಪಾಪ ಅಂದೆ. ಆ ಮಾತಿನಲ್ಲಿ ಕಿವಿಗೊಟ್ಟು ಕೇಳಬೇಕಾದದ್ದು ಏನಾದರೂ ಇದೆ ಎಂದು ಇಬ್ಬರಿಗೂ ಅನ್ನಿಸಲಿಲ್ಲ.

ಆಟೋದಲ್ಲಿ ಅವನನ್ನು ಮನೆಗೆ ತಂದೆವು. ಅಲ್ಲಿ ಅವನನ್ನು ‘ತಾತ’ ಎಂದು ಕರೆಯುತ್ತಿದ್ದರಂತೆ ಎಂದು ಸುಮ ಹೇಳಿದಳು. “ತಾತ ಅಂದ್ರೆ ನನಗೇನಾಗಬೇಕು ಅವನು? ಬ್ಯಾಡ ಬುಡು,” ಎಂದರು ಅತ್ತೆ. ಮೈಬಣ್ಣ ನೋಡಿ ಕೆಂಚ ಎಂದು ಅವರೇ ಹೆಸರಿಟ್ಟರು. ಮೊಟ್ಟೆ ಹಾಕಿ, ಶಕ್ತಿ ಬರುತ್ತೆ ಎಂದು ಆಶ್ರಯದವರು ಹೇಳಿಕಳಿಸಿದ್ದರು. “ನಮ್ಮನೆ ಅನ್ನ ಉಂಡು ನಾನು ಇಷ್ಟು ವರ್ಷ ಬದುಕಿಲ್ವಾ,” ಎಂದು ಅತ್ತೆ ಮೊಸರನ್ನ ಕಲಸಿದರು.

ಮೊದಲ ದಿನಗಳಲ್ಲಿ ಅವನು ಕಿವುಡನೆಂದೇ ನಾವು ತಿಳಿದಿದ್ದೆವು. ನಮ್ಮ ಕಡೆಯ ಜನಕ್ಕೆ ಒಂದು ವಿಚಿತ್ರ ನಂಬಿಕೆಯಿದೆ, ನಾಯಿಗಳಿಗೆ ಇಂಗ್ಲಿಷ್ ಮಾತ್ರ ತಿಳಿಯುತ್ತದೆ ಎಂದು. ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಬೆವರುವವರು ಕೂಡ ನಾಯಿ ಕಂಡೊಡನೆ ಸಿಟ್, ಗೋ, ನೋ ಎಂದು ಅಧಿಕಾರಿಗಳಾಗಿಬಿಡುತ್ತಾರೆ. ನಮ್ಮವರು ಬೆಳಗ್ಗೆ ಸಂಜೆ “ಕೆಂಚಾ, ಕಮ್ ಹಿಯರ್. ಸಿಟ್ ಡೌನ್. ಗಿವ್ ಹ್ಯಾಂಡ್” ಎನ್ನುವರು. ಅವನು ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಅತ್ತ ತಿರುಗಿ ಮಲಗುವನು. ಒಂದು ದಿನ ಅವನ ಬೆನ್ನ ಹಿಂದೆ ನಿಂತು ತಟ್ಟೆಗೆ ಸೌಟಿನಿಂದ ಬಡಿದೂ ನೋಡಿದರು. ಅವನು ನಿಧಾನವಾಗಿ ತಿರುಗಿ, ಇಷ್ಟು ವಯಸ್ಸಾದವರಿಗೆ ಇದೇನು ಹುಡುಗಾಟ ಎಂಬಂತೆ ನೋಡಿದ. ಒಳಗಿನಿಂದ ಅತ್ತೆ, “ಅವನಿಗೆ ಇಂಗ್ಲಿಷ್ ಬರಲ್ಲ ಕಣೋ. ನಿನಗೂ ಬರಲ್ಲ. ಸುಮ್ನೆ ಇಬ್ರೂ ಯಾಕೆ ಒದ್ದಾಡ್ತೀರಿ?” ಎಂದು, “ಬಾರಪ್ಪಾ, ಉಣ್ಣು ಬಾ” ಎಂದರು. ಅವನು ಎದ್ದು ಅಡುಗೆಮನೆಯ ಹೊಸ್ತಿಲಿಗೆ ಹೋಗಿ ಕೂತ. ಅಂದಿನಿಂದ ಉಣ್ಣುವುದು ಅತ್ತೆ ಹಾಕಿದರೆ ಮಾತ್ರ ಎಂದಾಯಿತು.

ಕಿವಿ ಕೇಳುತ್ತದೆ ಎಂದು ತಿಳಿದ ಮೇಲೆ ಅವನ ಇನ್ನೊಂದು ಗುಣ ನಮ್ಮ ಕಣ್ಣಿಗೆ ಬಿತ್ತು. ಮನೆಗೆ ಬಂದವರು ಹೊರಟುನಿಂತರೆ ಎದ್ದು, ಅವರ ಹಿಂದೆಯೇ ಗೇಟಿನವರೆಗೂ ಹೋಗುತ್ತಿದ್ದ. ಮೈಸೂರಿನಲ್ಲಿ ನೆಂಟರು ಹೊರಡುವುದೆಂದರೆ ನಿಮಗೆ ಗೊತ್ತಲ್ಲ, ಒಳಗೆ ಅರ್ಧ ಮಾತಾದರೆ ಉಳಿದರ್ಧ ಗೇಟಿನ ಹತ್ತಿರ. ಮಗಳ ಜಾತಕ, ಸೊಸೆಯ ದೂರು, ನಿಜವಾದ ಸುದ್ದಿಯೆಲ್ಲ ಹೊರಬೀಳುವುದು ಅಲ್ಲಿಯೇ. ಆ ಮಾತೆಲ್ಲ ಮುಗಿಯುವವರೆಗೂ ಕೆಂಚ ಕೂತು ಕೇಳುತ್ತಿದ್ದ. “ಎಂಥಾ ಮರ್ಯಾದಸ್ತ ನಾಯಿ ಕಣ್ರೀ, ಬಂದೋರನ್ನ ಕಳಿಸ್ಕೊಡುತ್ತೆ,” ಎಂದು ಬೀದಿಯಲ್ಲೆಲ್ಲ ಹೊಗಳಿಕೆ. ನಮಗೂ ಸಣ್ಣಗೆ ಜಂಬ. ನಮ್ಮನೆ ಸಂಸ್ಕಾರ ಎಂದು ನಾನೇ ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡಿದ್ದೇನೆ.

ನೆಂಟರು ಹೋದ ಮೇಲೂ ಅವನು ಒಳಗೆ ಬರುತ್ತಿರಲಿಲ್ಲ. ಗೇಟಿನ ಸಂದಿಗೆ ಮೂತಿಯಿಟ್ಟು ಮಲಗಿಬಿಡುತ್ತಿದ್ದ. ಬೆಳಗ್ಗೆ ನಾವು ಮೂವರೂ ಶಾಲೆ ಕಚೇರಿಗೆ ಹೊರಟ ಮೇಲಂತೂ ಇಡೀ ಹಗಲು ಅಲ್ಲೇ. ಕಾವಲು ಕಾಯುತ್ತಾನೆ ಎಂದುಕೊಂಡು ಅವನಿಗೊಂದು ಗೋಣಿತಾಟು ಹಾಸಿಕೊಟ್ಟೆವು. ಸಂಜೆ ನಾವು ಗೇಟು ತೆಗೆದಾಗ ಎದ್ದು ನಮ್ಮ ಕಾಲು ಮೂಸಿ, ಪಕ್ಕಕ್ಕೆ ಸರಿದು, ನಮ್ಮ ಹಿಂದಿನ ರಸ್ತೆಯನ್ನು ನೋಡುತ್ತಿದ್ದ. ಗೇಟು ಮುಚ್ಚುವವರೆಗೂ ನೋಡುತ್ತಿದ್ದ. ಆಮೇಲೆ ಒಳಗೆ ಬರುತ್ತಿದ್ದ.

ಒಂದು ರಜೆಯ ಮಧ್ಯಾಹ್ನ ನಮ್ಮವರು ಹಜಾರದಲ್ಲಿ ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು. ಫೋನಿನ ಸ್ಟ್ಯಾಂಡಿನ ಕೆಳಗೆ ಕೆಂಚ ನಿದ್ದೆಯಲ್ಲಿದ್ದ. ಕೊನೆಗೆ ಇವರು, “ಸರಿ, ಹಂಗಾದ್ರೆ ಭಾನುವಾರ ಬರ್ತೀನಿ” ಎಂದು ಫೋನು ಇಟ್ಟರು. ಕೆಂಚ ಎದ್ದ. ಗಾರೆ ನೆಲದ ಮೇಲೆ ಉಗುರಿನ ಸದ್ದು ಮಾಡುತ್ತಾ ಬಾಗಿಲು ದಾಟಿ, ಮೆಟ್ಟಿಲು ಇಳಿದು, ಗೇಟಿಗೆ ಹೋಗಿ ಮಲಗಿದ. ಲೆಕ್ಕ ಮಾಡುತ್ತಾ ಕೂತಿದ್ದ ಸುಮ ತಲೆಯೆತ್ತಿ, “ಅಪ್ಪ ಇಲ್ಲೇ ಇದಾರಲ್ಲಮ್ಮ, ಇವನು ಯಾರನ್ನ ಕಳಿಸಕ್ಕೆ ಹೋದ?” ಎಂದಳು.

ನಾನು ಗಣಿತದವಳು, ಪರೀಕ್ಷಿಸದೆ ಬಿಡುವುದುಂಟೆ? ಅವನು ಒಳಗೆ ಬಂದು ಮಲಗುವವರೆಗೆ ಕಾದು, ಹೂರಣ ರುಬ್ಬುತ್ತಿದ್ದವಳು ಅಡುಗೆಮನೆಯಿಂದಲೇ, ಯಾರಿಗೂ ಅಲ್ಲದ ದನಿಯಲ್ಲಿ ‘ಬರ್ತೀನಿ’ ಅಂದೆ. ಅವನು ತಲೆಯೆತ್ತಿ ನನ್ನನ್ನು ನೋಡಿದ. ಕೈಯಲ್ಲಿ ಹೂರಣ ಹಿಡಿದು ನಿಂತೇ ಇದ್ದೆ, ಎಲ್ಲಿಗೂ ಹೊರಟಿರಲಿಲ್ಲ. ಆದರೂ ಅವನು ಎದ್ದು, ಹಿಂಗಾಲು ಎಳೆದುಕೊಂಡು ಗೇಟಿಗೆ ಹೋದ. ಆಗ ನನಗೆ ಆ ಆಶ್ರಯದಾಕೆ ಹೇಳಿದ್ದು ನೆನಪಾಯಿತು. ತಲೆ ಸವರಿ, ಬರ್ತೀನಿ ಕಣೋ ಎಂದು ಹೇಳಿ ಹೋದ ಆ ಯಜಮಾನರು ಅವನು ತಮ್ಮ ಬಾಯಿಂದ ಕೊನೆಯದಾಗಿ ಕೇಳಿಸಿಕೊಂಡ ಮಾತನ್ನು ಅವನ ಹತ್ತಿರವೇ ಬಿಟ್ಟು ಹೋಗಿದ್ದರು. ಆ ಮಾತು ಯಾರ ಬಾಯಿಂದ ಬಂದರೂ ಇವನು ಹೋಗಿ ಆ ಯಜಮಾನರನ್ನೇ ಕಾಯುತ್ತಿದ್ದ. ನಾವು ದಿನಾ ಸಂಜೆ ತಪ್ಪದೆ ಬರುತ್ತಿದ್ದೆವು, ನಿಜ. ಆದರೆ ಬಂದವರು ನಾವು, ಅವನು ಕಾಯುತ್ತಿದ್ದವರು ನಾವಲ್ಲ. ಅವತ್ತು ನನಗೆ ತುಂಬಾ ಸಂಕಟವಾಯಿತು. ಹೋಳಿಗೆ ಸರಿಯಾಗಿ ಬರಲಿಲ್ಲ.

ಮನೆಯಲ್ಲಿ ಸಭೆ ಸೇರಿ, ಇನ್ನು ಮೇಲೆ ಆ ಮಾತು ಆಡಬಾರದು ಎಂದು ತೀರ್ಮಾನವಾಯಿತು. ಬಿಡುವುದೇನೋ ಬಿಟ್ಟೆವು, ಬದಲಿಗೆ ಏನು ಹೇಳಬೇಕು? ‘ಹೋಗ್ತೀನಿ’ ಅಂದರೆ ಅತ್ತೆ ಸುಮ್ಮನಿರುವವರಲ್ಲ, ಆ ವಿಷಯದಲ್ಲಿ ಅವರು ನಮ್ಮ ಅಜ್ಜಿಗೆ ಸರಿಜೋಡಿ. ಸುಮ ಟಾಟಾ ಎಂದು ಪಾರಾದಳು. ನಮ್ಮವರು ‘ಹೊರಟೆ’ ಎಂದು ಶುರು ಮಾಡಿದರು. “ಹೊರಟೆ ಅಂದ್ರೆ ಎಲ್ಲಿಗೋ, ಸನ್ಯಾಸಕ್ಕಾ?” ಎಂದು ಅತ್ತೆ ಮುಖ ಸಿಂಡರಿಸಿದರೂ ಒಪ್ಪಿಕೊಂಡರು. ನಾನು ಕಂಡುಕೊಂಡದ್ದು ‘ಆಯ್ತು ಹಂಗಾದ್ರೆ.’

ನಮ್ಮ ಬಾಯಿ ಕಟ್ಟಿದ್ದಾಯಿತು, ಬಂದವರ ಬಾಯಿ ಕಟ್ಟುವುದು ಹೇಗೆ? ಅತ್ತೆಯ ಅಣ್ಣ ನಂಜನಗೂಡಿನಿಂದ ಬಂದವರು ಕಾಫಿ ಕುಡಿದು, ಕೊಡೆ ತೆಗೆದುಕೊಂಡು ಎದ್ದರು. ಅವರು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಬೆರಳನ್ನು ತುಟಿಗೆ ತಂದು, “ಅಣ್ಣ, ಬರ್ತೀನಿ ಅನ್ಬ್ಯಾಡ,” ಎಂದು ಪಿಸುಗುಟ್ಟಿದರು. ದೊಡ್ಡವರು ಕೊಡೆ ಕೆಳಗಿಟ್ಟರು. “ಯಾಕವ್ವ? ಬರಬ್ಯಾಡ ಅಂತೀಯಾ?” ಎಂದರು. ನಾಯಿಗೆ ಬೇಜಾರಾಗುತ್ತೆ ಎಂದು ನಮ್ಮವರು ವಿವರಿಸಲು ಹೋದದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. “ತಂಗಿ ಮನೆಗೆ ಬರಕ್ಕೆ ನಾಯಿ ಅಪ್ಪಣೆ ಕೇಳಬೇಕಾ ನಾನು?” ಎಂದು ಗೇಟಿನಲ್ಲಿ ನಿಂತು, ಬೇಕೆಂದೇ ಗಟ್ಟಿಯಾಗಿ “ಬರ್ತೀನಿ” ಎಂದು ಹೇಳಿ ಹೋದರು. ಮುಂದಿನ ಗೌರಿಹಬ್ಬಕ್ಕೆ ಬಾಗಿನ ಬೇರೆಯವರ ಕೈಲಿ ಬಂತು. ಕೆಂಚ ಮಾತ್ರ ಅವತ್ತು ಕತ್ತಲಾಗುವ ತನಕ ಗೇಟಿನಲ್ಲಿ ಕಾದ.

ಹೀಗೆ ನಡೆಯುತ್ತಿದ್ದಾಗ ಅತ್ತೆಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಗೆಡ್ಡೆಯಿದೆ, ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ವಯಸ್ಸಾಗಿದೆ, ರಕ್ತದೊತ್ತಡವಿದೆ, ನಮ್ಮ ಪ್ರಯತ್ನ ನಾವು ಮಾಡ್ತೀವಿ ಎಂದು ನಮ್ಮವರನ್ನು ಪಕ್ಕಕ್ಕೆ ಕರೆದು ಹೇಳಿದರು. ಅತ್ತೆಗೆ ಯಾರೂ ಹೇಳಲಿಲ್ಲ, ಆದರೆ ಅವರು ಟ್ರಂಕಿನ ಬೀಗದಕೈಯನ್ನು ನನ್ನ ಕೈಗೆ ಕೊಟ್ಟರು. ಹೊರಡುವ ದಿನ ಪಕ್ಕದ ಮನೆಯವರ ಕಾರು ಗೇಟಿನ ಮುಂದೆ ಬಂದು ನಿಂತಿತು. ಕೆಂಚ ಹಿತ್ತಲಲ್ಲಿ ಕರಿಬೇವಿನ ಮರದ ಬುಡದಲ್ಲಿದ್ದ. ನಾನು ದನಿ ತಗ್ಗಿಸಿ, “ಅತ್ತೆ, ಅವನು ನೋಡ್ತಿಲ್ಲ, ಸದ್ದಿಲ್ದೆ ಹೊರಟುಬಿಡೋಣ,” ಎಂದೆ.

“ಕದ್ದು ಹೋಗಕ್ಕೆ ನಾನೇನು ಕಳ್ಳಿಯಾ?” ಎಂದರು ಅವರು. ನೋವಿನಲ್ಲಿ ಕಂಬ ಹಿಡಿದು ನಿಂತು, ಅವನನ್ನು ಕೂಗಿ ಕರೆದರು. ಬಂದವನ ತಲೆಯ ಮೇಲೆ ಕೈಯಿಟ್ಟು, “ಬರ್ತೀನಿ ಕಣೋ ಕೆಂಚ. ನಾನು ಅಂದ್ರೆ ಅಂದಂಗೆ,” ಎಂದರು.

ನನಗೆ ಸಿಟ್ಟು ಬಂತು. ಒಮ್ಮೆ ಮೋಸಹೋದ ಜೀವಕ್ಕೆ, ತಮ್ಮ ಕೈಯಲ್ಲಿಲ್ಲದ ವಿಷಯಕ್ಕೆ ಮಾತು ಕೊಡಬಹುದೇ? ಅವರು ಬರದೇ ಹೋದರೆ? ಹಾಗೆ ಯೋಚಿಸಿದ್ದಕ್ಕೆ ನನ್ನ ಮೇಲೂ ಸಿಟ್ಟು ಬಂತು. ಕಾರು ತಿರುವು ದಾಟುವಾಗ ಹಿಂತಿರುಗಿ ನೋಡಿದೆ. ಅವನು ಗೇಟಿನ ಸಂದಿಗೆ ಮೂತಿಯಿಟ್ಟು ಮಲಗಿಯಾಗಿತ್ತು.

ಆಪರೇಷನ್ ಆಯಿತು, ಆದರೆ ಜ್ವರ ಹಿಡಿಯಿತು. ಇವತ್ತು ಬಿಡುತ್ತದೆ, ನಾಳೆ ಬಿಡುತ್ತದೆ ಎನ್ನುತ್ತಾ ಆಸ್ಪತ್ರೆಯ ವಾಸ ಬೆಳೆಯಿತು. ಮನೆಯಲ್ಲಿ ಕೆಂಚ ಅನ್ನ ಮುಟ್ಟಲಿಲ್ಲ. ನಾನು ಕಲಸಿ ಹಾಕಿದೆ, ಸುಮ ಉಂಡೆ ಕಟ್ಟಿ ಬಾಯಿಗಿಟ್ಟಳು. ನೀರು ನೆಕ್ಕುವನು, ಮತ್ತೆ ಗೇಟು. ಮಳೆ ಹನಿದ ದಿನ ಒಳಗೆ ಎಳೆದುಕೊಂಡು ಬಂದರೆ ತಿರುಗಿ ಹೋದ. ಕೊನೆಗೆ ನಮ್ಮವರು ಒಂದು ತಗಡನ್ನು ಗೇಟಿಗೆ ಒರಗಿಸಿ ಕಟ್ಟಿದರು. ಆಸ್ಪತ್ರೆಯಲ್ಲಿ ಅತ್ತೆ ಕಣ್ಣು ಬಿಟ್ಟಾಗಲೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು.

“ನಾಯಿ ಉಂಡ್ತಾ?”

“ಉಂಡ್ತು ಅತ್ತೆ.”

“ಸುಳ್ಳು ಹೇಳಬ್ಯಾಡ ಕಣಮ್ಮ. ನಿನಗೆ ಬರಲ್ಲ.”

ಡಾಕ್ಟರು ಬಂದಾಗ ಅವರು ಕೈಮುಗಿದು, “ಸ್ವಾಮಿ, ಬರ್ತೀನಿ ಅಂತ ಹೇಳಿ ಬಂದಿದೀನಿ, ಕಳಿಸ್ಕೊಡಿ,” ಎಂದರು. ಯಾರಿಗೆ ಹೇಳಿ ಬಂದಿದೀರಮ್ಮ ಎಂದು ಡಾಕ್ಟರು ನಕ್ಕು ಕೇಳಿದರು. “ಮನೇಲಿ ಒಬ್ರಿಗೆ,” ಎಂದರು ಅತ್ತೆ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಅವರು ಅಳುತ್ತಿದ್ದರು ಎಂದು ನನಗೆ ಗೊತ್ತಾಯಿತು. ಮಾವನವರು ತೀರಿಕೊಂಡಾಗ ಬಿಟ್ಟರೆ ಅತ್ತೆ ಅತ್ತದ್ದನ್ನು ನಾನು ಕಂಡಿರಲಿಲ್ಲ.

ಜ್ವರ ಬಿಟ್ಟಿತು. ಬೆಳಗಿನ ಬಿಸಿಲಲ್ಲಿ ಅದೇ ಕಾರು ನಮ್ಮ ಗೇಟಿಗೆ ಬಂತು. ನಮ್ಮವರು ಒಂದು ಕಡೆ, ನಾನು ಒಂದು ಕಡೆ ಹಿಡಿದು ಅತ್ತೆಯನ್ನು ಇಳಿಸಿದೆವು. ಕೆಂಚ ಗೋಣಿತಾಟಿನಿಂದ ಏಳಲು ಎರಡು ಸಲ ತಡವರಿಸಿದ, ಅಷ್ಟು ಸೊರಗಿದ್ದ. ಬಂದು ಅವರ ಪಾದ ಮೂಸಿದ, ಆಸ್ಪತ್ರೆಯ ಔಷಧಿ ವಾಸನೆಗೆ ಒಮ್ಮೆ ಸೀನಿದ, ಮತ್ತೆ ಸೀರೆಯ ಅಂಚು ಮೂಸಿದ. ಕುಣಿಯಲಿಲ್ಲ, ಕೂಗಲಿಲ್ಲ. ನಾನು ಮಾತ್ರ ಅವನ ಕಣ್ಣನ್ನೇ ನೋಡುತ್ತಿದ್ದೆ. ದಿನಾ ನಾವು ಬಂದಾಗ ನಮ್ಮನ್ನು ದಾಟಿ ರಸ್ತೆಗೆ ಹೋಗುತ್ತಿದ್ದ ಆ ಕಣ್ಣು ಅವತ್ತು ಅತ್ತೆಯ ಹಿಂದಿನ ರಸ್ತೆಯನ್ನು ನೋಡಲಿಲ್ಲ. ಅವನು ತಿರುಗಿ, ಅವರಿಗಿಂತ ಮುಂದೆ, ಗೇಟು ತೆರೆದಿದ್ದಂತೆಯೇ ಬಿಟ್ಟು ಒಳಗೆ ಹೋದ. ಅಡುಗೆಮನೆಯ ಹೊಸ್ತಿಲಲ್ಲಿ ಕೂತ. ಹೊಲಿಗೆಯ ನೋವಿನಲ್ಲೇ ಅತ್ತೆ ಮೊಸರನ್ನ ಕಲಸಿ ಹಾಕಿದರು.

ಅಲ್ಲಿಂದ ಮುಂದೆ ಬರ್ತೀನಿ ಎಂಬ ಮಾತು ಕಿವಿಗೆ ಬಿದ್ದರೆ ಅವನು ತಲೆಯೆತ್ತಿ ಅತ್ತೆ ಎಲ್ಲಿದ್ದಾರೆಂದು ನೋಡುತ್ತಿದ್ದ. ಅವರು ಮನೆಯಲ್ಲೇ ಇದ್ದರೆ ಮತ್ತೆ ತಲೆಯಿಟ್ಟು ಮಲಗುತ್ತಿದ್ದ. ಅತ್ತೆಯ ಅಣ್ಣನಿಗೂ ಹೇಳಿಕಳಿಸಿ ರಾಜಿಯಾಯಿತು. ಆದರೆ ನಮ್ಮ ಬಾಯಿ ಪಳಗಿಹೋಗಿತ್ತು, ಇವರು ಹೊರಟೆ ಅನ್ನುವುದನ್ನು, ನಾನು ಆಯ್ತು ಹಂಗಾದ್ರೆ ಅನ್ನುವುದನ್ನು ಬಿಡಲಿಲ್ಲ. ನನಗಂತೂ ಆ ಮಾತು ಆಡಹೋದರೆ ಹೂರಣದ ಕೈಯಲ್ಲಿ ನಿಂತದ್ದು ನೆನಪಾಗುತ್ತಿತ್ತು.

ಎಂಥ ಮುದಿ ನಾಯಿಯನ್ನು ತಂದರೂ ಅದರ ಜೊತೆಗಿರುವ ಕಾಲ ಸ್ವಲ್ಪವೇ ಎಂದು ಗೊತ್ತಿದ್ದೇ ತಂದಿರುತ್ತೇವೆ. ಗೊತ್ತಿರುವುದರಿಂದ ಏನೂ ಉಪಯೋಗವಿಲ್ಲ ಎಂದು ಆಮೇಲೆ ಗೊತ್ತಾಗುತ್ತದೆ. ಆಪರೇಷನ್ ಆಗಿ ಎರಡು ಬೇಸಿಗೆ ಕಳೆದಿರಬೇಕು, ಕೆಂಚನ ಹಿಂಗಾಲು ಪೂರ್ತಿ ಬಿದ್ದುಹೋಯಿತು, ಆಮೇಲೆ ಊಟ ನಿಂತಿತು. ಪಶುವೈದ್ಯರು ಮನೆಗೇ ಬಂದು ನೋಡಿ, ಮೂತ್ರಪಿಂಡ ಕೆಲಸ ನಿಲ್ಲಿಸಿದೆ, ಇನ್ನು ಪೀಡಿಸುವುದು ಬೇಡ, ತಾನಾಗಿ ಹೋಗುತ್ತದೆ, ಪಕ್ಕದಲ್ಲಿರಿ ಎಂದರು. ಹಜಾರದಲ್ಲಿ ಫೋನಿನ ಹತ್ತಿರ ಮಲಗಿಸಿದ್ದೆವು. ಅತ್ತೆ ಮಣೆ ಹಾಕಿಕೊಂಡು ಪಕ್ಕದಲ್ಲಿ ಕೂತರು. ಪೂಜೆ ಮುಗಿಸಿ ಬಂದವರು ವಿಭೂತಿ ತಂದು ಅವನ ಹಣೆಗೂ ಒಂದು ಗೆರೆ ಎಳೆದಿದ್ದರು.

ನಮ್ಮವರು ರಜೆ ಹಾಕಿದ್ದರು. ಕೆಂಚನ ಉಸಿರು ದೂರದೂರವಾಗುತ್ತಾ ಬಂತು. ಅವನು ಕಣ್ಣು ತೆರೆದು ಅತ್ತೆ ಎಲ್ಲಿದ್ದಾರೆಂದು ಹುಡುಕಿದ. ಅವರು ಬಗ್ಗಿ ತಲೆ ಸವರಿ, ದಿನಾ ನಮ್ಮನ್ನು ಕಳಿಸುವ ದನಿಯಲ್ಲೇ, “ಹೋಗ್ಬಾರಪ್ಪ,” ಎಂದರು.

ನಮ್ಮ ಭಾಷೆಯಲ್ಲಿ ಬೀಳ್ಕೊಡುವ ಮಾತಿಗೆ ಎರಡು ಅರ್ಧಗಳಿವೆ. ಹೊರಟವರು ಬರ್ತೀನಿ ಅನ್ನುತ್ತಾರೆ, ಉಳಿದವರು ಹೋಗ್ಬಾ ಅನ್ನುತ್ತಾರೆ. ಅವನು ಬದುಕಿಡೀ ಕೇಳಿಸಿಕೊಂಡದ್ದು ಮೊದಲ ಅರ್ಧವನ್ನು. ಎರಡನೆಯದನ್ನು ಅವನಿಗೆ ಯಾರೂ ಹೇಳಿರಲಿಲ್ಲ, ಅವನು ಯಾರನ್ನೂ ಬಿಟ್ಟು ಹೊರಟವನೇ ಅಲ್ಲ. ಮೊದಲ ಸಲ ಅವನು ಹೊರಟಿದ್ದ, ನಾವು ಉಳಿದಿದ್ದೆವು. ಇದು ಹೊಳೆದದ್ದೇ ತಡ ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ಮಧ್ಯಾಹ್ನ ಕರಿಬೇವಿನ ಮರದ ಬುಡದಲ್ಲಿ, ನಮ್ಮಲ್ಲಿ ಮಣ್ಣು ಮಾಡುವ ಪದ್ಧತಿಯಂತೆಯೇ, ವಿಭೂತಿ ಹಾಕಿ ಅವನನ್ನು ಮಣ್ಣು ಮಾಡಿದೆವು. ಸುಮ ಮುಷ್ಟಿಯಲ್ಲಿ ಮಣ್ಣು ಹಿಡಿದು ತುಂಬಾ ಹೊತ್ತು ನಿಂತಿದ್ದಳು. ಅತ್ತೆ ಸಂಜೆ ಗೋಣಿತಾಟನ್ನು ಒಗೆದು ಒಣಹಾಕಿದರು.

ಮರುದಿನ ಬೆಳಗ್ಗೆ ನಮ್ಮವರು ಊಟದ ಡಬ್ಬಿ ತೆಗೆದುಕೊಂಡು, ಅಭ್ಯಾಸದಂತೆ “ಅವ್ವ, ಹೊರಟೆ,” ಎಂದು ಮೆಟ್ಟಿಲು ಇಳಿದರು. ಸ್ಕೂಟರು ಗೇಟು ದಾಟುವಷ್ಟರಲ್ಲಿ ಅತ್ತೆ ಒಳಗಿನಿಂದ ಕರೆದರು.

“ಬರ್ತೀನಿ ಅಂತ ಹೇಳಿ ಹೋಗೋ. ಈಗ ಕಾಯೋಳು ನಾನೊಬ್ಬಳೇ ತಾನೇ.”

ಇವರು ಸ್ಕೂಟರು ನಿಲ್ಲಿಸಿ, ವಾಪಸ್ಸು ಬಂದು, ಬಾಗಿಲಲ್ಲಿ ನಿಂತು “ಬರ್ತೀನಿ ಕಣವ್ವ,” ಎಂದರು. ಅತ್ತೆ “ಹೂಂ, ಹೋಗ್ಬಾ,” ಎಂದರು. ಸಂಜೆ ನಾನು ಶಾಲೆಯಿಂದ ಬರುವ ಹೊತ್ತಿಗೆ ಅವರು ಗೇಟಿನ ಹತ್ತಿರ, ಗೋಣಿತಾಟು ಹಾಸುತ್ತಿದ್ದ ಜಾಗದಲ್ಲಿ, ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಒಳಗೆ ಬಂದೆ. ಅವರು ನನ್ನನ್ನು ನೋಡಿ, ಆಮೇಲೆ ನನ್ನ ಹಿಂದಿನ ರಸ್ತೆಯನ್ನು ನೋಡಿದರು.